ಪರವಾಗಿಲ್ಲ ಭಾವ

ಶನಿವಾರದ ಓಟದಲ್ಲಿ ಹದಿನಾಲ್ಕನೆಯವನಾಗಿ ಬಂದ. ಓಡಿದ್ದು ಹದಿನಾರು ಕಾರು. ಅದರಲ್ಲಿ ಒಂದು ಮೊದಲ ತಿರುವಿನಲ್ಲೇ ಗೋಡೆಗೆ ಗುದ್ದಿ ನಿಂತಿತ್ತು, ಇನ್ನೊಂದು ಟೈರು ಸಿಡಿದು ಕುಂಟುತ್ತಾ ಬಂದಿತ್ತು. ಎಂದರೆ ನೆಟ್ಟಗೆ ನಾಲ್ಕು ಚಕ್ರದ ಮೇಲೆ ಓಡಿದವರಲ್ಲಿ ಇವನೇ ಕಡೆಯವನು. ಗೆದ್ದವನು ಯಾರು ಎಂದು ಕೇಳುವುದೇ ಬೇಡ. ಇವನದೇ ತಂಡ, ಅದೇ ನೀಲಿ ಕಾರು, ಅದೇ ಎಂಜಿನ್ನು, ಅದೇ ಪೆಟ್ರೋಲು. ಮರಿ ಗೆದ್ದಿದ್ದ. ಈ ವರ್ಷ ಬೇರೆ ಯಾರಾದರೂ ಗೆದ್ದರೆ ಅದೇ ಸುದ್ದಿ.

ಮೀಸೆ ಚಿಗುರುವ ಮೊದಲೇ ತಂಡಕ್ಕೆ ಸೇರಿದನೆಂದು ಆ ಹುಡುಗನನ್ನು ಎಲ್ಲರೂ ಮರಿ ಎನ್ನುತ್ತಿದ್ದರು. ಇವನನ್ನು ದೊರೆ ಎನ್ನುತ್ತಿದ್ದರು. ಸಾಲಾಗಿ ಎರಡು ವರ್ಷ ಚಾಂಪಿಯನ್ ಆದಾಗ ಮೆಕ್ಯಾನಿಕ್ಕುಗಳು ಪ್ರೀತಿಯಿಂದ ಇಟ್ಟ ಹೆಸರು. ಆಗ ಕಿವಿಗೆ ಇಂಪಾಗಿತ್ತು. ಈಗ ಯಾರಾದರೂ "ದೊರೆ, ನೀರು ಬೇಕಾ?" ಎಂದರೂ ಅಣಕಿಸಿದಂತೆ ಕೇಳಿಸುತ್ತಿತ್ತು. ಯಾವ ರಾಜ್ಯಕ್ಕೆ ದೊರೆ? ಹದಿನಾಲ್ಕನೆಯ ಸ್ಥಾನಕ್ಕೆ ದೊರೆ!

ಕಾರನ್ನು ಗ್ಯಾರೇಜಿಗೆ ತಂದು ನಿಲ್ಲಿಸಿದ. ಭಾವ ಹೆಡ್‌ಫೋನನ್ನು ಕೊರಳಿಗೆ ಇಳಿಸಿಕೊಂಡು ಕಿಟಕಿಗೆ ಬಾಗಿದರು. ಭಾವ ಎಂದರೆ ಇವನ ಅಕ್ಕನ ಗಂಡ. ಈ ತಂಡದಲ್ಲಿ ಇವನ ಕಾರಿನ ಎಂಜಿನಿಯರ್. ಕಾರು ಹೇಗೆ ನಡೆಯುತ್ತಿದೆ ಎಂದು ಓಡಿಸುವವನನ್ನು ಕೇಳಿ, ಸ್ಪ್ರಿಂಗು, ಕಾರನ್ನು ನೆಲಕ್ಕೊತ್ತುವ ಹಿಂದಿನ ರೆಕ್ಕೆ, ಟೈರಿನ ಗಾಳಿ ಎಲ್ಲವನ್ನೂ ಅವನ ಕೈಗೆ ಒಗ್ಗುವ ಹಾಗೆ ತಿದ್ದಿಸುವುದು ಅವರ ಕೆಲಸ.

"ಹೇಗಿತ್ತಪ್ಪಾ ಕಾರು?"

"ಪರವಾಗಿಲ್ಲ ಭಾವ."

ಭಾವ ತಲೆಯಾಡಿಸಿ ಹೊರಟುಹೋದರು. ಅಷ್ಟೇ. ವರ್ಷವಿಡೀ ಅಷ್ಟೇ.

ಪಕ್ಕದ ಬಾಗಿಲಲ್ಲಿ ಗೆದ್ದು ಬಂದವನ ಬಾಯಿ ಕೇಳಬೇಕು. "ಏಯ್ ತಾತ! ಇದು ಕಾರಾ, ಕತ್ತೇನಾ? ಎಡಕ್ಕೆ ತಿರುಗು ಅಂದ್ರೆ ಕೂತ್ಕೊಂಡು ಯೋಚ್ನೆ ಮಾಡುತ್ತೆ! ಮೂಗು ಇನ್ನೂ ಚುರುಕಾಗ್ಬೇಕು ಅಂತ ಬಡ್ಕೊಂಡೆ, ಕಿವೀಲಿ ಏನು ಹತ್ತಿ ಇಟ್ಕೊಂಡಿದ್ಯಾ?" ತಾತ ಎಂದರೆ ಮರಿಯ ಎಂಜಿನಿಯರ್, ತಲೆಯೆಲ್ಲ ನರೆತ ಮನುಷ್ಯ. ಬೈಸಿಕೊಂಡು ಹಲ್ಲು ಕಿರಿದ. ಮರುಕ್ಷಣ ನಾಲ್ಕು ಜನ ಸ್ಪ್ಯಾನರ್ ಹಿಡಿದು ಆ ಕಾರಿನ ಮೇಲೆ ಬಿದ್ದರು. ಗೆದ್ದ ಕಾರಿನ ಮೇಲೆ! ಸೋತ ಕಾರು ಇಲ್ಲಿ ತಣ್ಣಗೆ ನಿಂತಿತ್ತು, ಅದರ ಹತ್ತಿರ ಒಂದು ನಾಯಿಯೂ ಸುಳಿಯಲಿಲ್ಲ.

ದೊರೆ ಹಲ್ಲು ಕಚ್ಚಿಕೊಂಡು ಕೈಗವಸು ಕಿತ್ತೆಸೆದ.

ಇವನ ಕಾರಿಗೆ ಆಗಿದ್ದು ಇಷ್ಟೇ. ಮರಿಗೆ ಕಾರಿನ ಮೂಗು ಚುರುಕಾಗಿರಬೇಕು, ಹಿಂಭಾಗ ಜಾರಿದರೆ ಖುಷಿ. ಅವನು ಬೈದು ಬೈದು ಕಾರನ್ನು ಹಾಗೆ ಮಾಡಿಸಿಕೊಂಡ. ಅವನು ಗೆಲ್ಲುತ್ತಾ ಹೋದ, ಎರಡು ಕಾರನ್ನೂ ಅವನ ಅಳತೆಗೇ ಕಟ್ಟುತ್ತಾ ಹೋದರು. ಇವನಿಗೆ ಹಿಂಭಾಗ ಭದ್ರವಾಗಿರಬೇಕು. ಈಗ ಬ್ರೇಕ್ ಒತ್ತಿ ಸ್ಟೀರಿಂಗ್ ತಿರುಗಿಸಿದರೆ ಸಾಕು, ಹಿಂಭಾಗ ಕಳಚಿಕೊಂಡು ಮುಂದೆ ಬರಲು ನೋಡುತ್ತಿತ್ತು. ಅದಕ್ಕೇ ಬೇಗ ಬ್ರೇಕ್ ಒತ್ತುತ್ತಿದ್ದ, ಕಾರು ನೆಟ್ಟಗಾಗುವವರೆಗೆ ಕಾಯುತ್ತಿದ್ದ. ಕಾಯುವಷ್ಟರಲ್ಲಿ ಇಬ್ಬರು ದಾಟಿ ಹೋಗುತ್ತಿದ್ದರು.

ಹೇಳಬಾರದಿತ್ತೇ? ಬಾಯಿಗೇನು ಬೀಗ ಹಾಕಿತ್ತೇ?

ಹಾಕಿತ್ತು. ಬೀಗದ ಹೆಸರು ಭಾವ. ಇವನು ಶಾಲೆಯ ಚಡ್ಡಿ ಹಾಕುವ ಕಾಲದಲ್ಲಿ ಗುಜರಿಯ ಪೈಪುಗಳನ್ನು ಬೆಸುಗೆ ಹಾಕಿ ಮೊದಲ ಪುಟ್ಟ ಕಾರು ಕಟ್ಟಿಕೊಟ್ಟವರು ಅವರು. ಅಪ್ಪ ಬೇಡವೇ ಬೇಡ ಎಂದು ಕೂತಾಗ ಅಪ್ಪನ ಎದುರು ನಿಂತವರು ಅವರು. ಕಳೆದ ವರ್ಷ ಇವನ ಕಾರು ಪಲ್ಟಿ ಹೊಡೆದಾಗ ಎಲ್ಲರಿಗಿಂತ ಮೊದಲು ಓಡಿಬಂದು ಬಾಗಿಲು ಮುರಿದು ಎಳೆದವರೂ ಅವರೇ. ಅಂಥವರ ಮುಖಕ್ಕೆ ಹೊಡೆದ ಹಾಗೆ ನೀವು ಸಿದ್ಧ ಮಾಡಿದ ಕಾರು ದರಿದ್ರವಾಗಿದೆ ಎನ್ನಲು ಇವನ ನಾಲಗೆ ಏಳುತ್ತಿರಲಿಲ್ಲ. ಮದುವೆಯಾಗಿ ಬಂದ ದಿನದಿಂದ ಅವರಿಗೆ ಏಕವಚನ ಇರಲಿ, ಎದುರುತ್ತರವನ್ನೂ ಕೊಟ್ಟವನಲ್ಲ. ಕೇಳಿದಾಗಲೆಲ್ಲ ಪರವಾಗಿಲ್ಲ ಅಂದ. ಅವರಿಗೇ ಅರ್ಥವಾಗುತ್ತದೆ ಅಂದುಕೊಂಡ.

ಇತ್ತ ಬರುವ ವರ್ಷದ ಸೀಟು ತೂಗಾಡುತ್ತಿತ್ತು. ತಂಡದ ಯಜಮಾನರು ಅಂದು ಬೆಳಿಗ್ಗೆ ಹೆಗಲ ಮೇಲೆ ಕೈ ಹಾಕಿ, "ನಾಳೆ ಭಾನುವಾರದ ಓಟ ನೋಡಿ ಹೇಳ್ತೀನಿ ದೊರೆ. ಎಲ್ಲಾ ನಿನ್ನ ಕೈಯಲ್ಲೇ ಇದೆ" ಎಂದಿದ್ದರು. ಈ ಸೀಟು ಹೋದರೆ ಬೇರೆ ತಂಡ ಕರೆಯುವ ವಯಸ್ಸಲ್ಲ ಅವನದು. ಓಡಿಸುವುದು ಬಿಟ್ಟರೆ ಅವನಿಗೆ ಬೇರೇನೂ ಬರುತ್ತಲೂ ಇರಲಿಲ್ಲ.

ಗ್ಯಾರೇಜಿನಿಂದ ಹೊರಬಿದ್ದವನನ್ನು ಪತ್ರಿಕೆಯವಳೊಬ್ಬಳು ಅಡ್ಡಗಟ್ಟಿದಳು. ಮೈಕು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದಿದ್ದಳು.

"ಭಯಕ್ಕೆ ಏನಾದ್ರೂ ಚಿಕಿತ್ಸೆ ತಗೊಳ್ತಿದ್ದೀರಾ ಸಾರ್?"

"ಯಾವ ಭಯ?"

"ಪಲ್ಟಿ ಆದ ಮೇಲೆ ನಿಮಗೆ ಧೈರ್ಯ ಹೋಗಿದೆ ಅಂತಾರಲ್ಲ. ಕಾರಲ್ಲಿ ಏನೂ ದೋಷ ಇಲ್ಲ ಅಂತ ನಿಮ್ಮ ಎಂಜಿನಿಯರೇ ಯಜಮಾನರಿಗೆ ಹೇಳಿದಾರಂತೆ."

ರಕ್ತ ನೆತ್ತಿಗೇರಿತು. ಮೈಕನ್ನು ಕೈಯಿಂದ ಆಚೆ ತಳ್ಳಿದ. ಅದು ಅವಳ ಕೈಜಾರಿ ನೆಲಕ್ಕೆ ಬಿತ್ತು. ಎತ್ತಿಕೊಡುವಷ್ಟು ವ್ಯವಧಾನವೂ ಅವನಿಗಿರಲಿಲ್ಲ.

ಅಕ್ಕ, ಭಾವ ಇಳಿದುಕೊಂಡಿದ್ದ ಲಾಡ್ಜು ಟ್ರ್ಯಾಕಿನ ಹಿಂದಿನ ರಸ್ತೆಯಲ್ಲೇ ಇತ್ತು. ಬಾಗಿಲು ತಟ್ಟದೆ ಒಳಗೆ ನುಗ್ಗಿದ. ಅಕ್ಕ ಮಂಚದ ಮೇಲೆ ಟವೆಲ್ ಹಾಸಿ ಭಾವನ ತಂಡದ ಅಂಗಿಗೆ ಇಸ್ತ್ರಿ ಮಾಡುತ್ತಿದ್ದಳು. ಭಾವ ಲ್ಯಾಪ್‌ಟಾಪ್ ತೆರೆದು ಎರಡು ಕಾರಿನ ವೇಗ ತೋರಿಸುವ ಗೆರೆಗಳನ್ನು ನೋಡುತ್ತಾ ಕೂತಿದ್ದರು. ಕೆಂಪು ಗೆರೆ ಮರಿಯದು, ನೀಲಿ ಗೆರೆ ಇವನದು. ಪ್ರತಿ ತಿರುವಿನಲ್ಲೂ ನೀಲಿ ಗೆರೆ ಮೊದಲೇ ಕೆಳಗೆ ಬಿದ್ದಿತ್ತು.

"ನಾನು ಹೆದರುಪುಕ್ಕಲನಾ ಭಾವ?"

"ಮೊದಲು ಕೂತ್ಕೋ."

"ಕೂರಲ್ಲ. ನಾನು ಹೆದರಿದೀನಿ ಅಂತ ಯಜಮಾನರಿಗೆ ಹೇಳಿದ್ದು ನೀವೇ ತಾನೆ?"

ಭಾವ ಕನ್ನಡಕ ತೆಗೆದರು. "ಹೇಳಿದೆ. ನಿನ್ನ ಒಳ್ಳೇದಕ್ಕೇ ಹೇಳಿದೆ. ಅವರು ನಿನ್ನನ್ನ ಜುಲೈನಲ್ಲೇ ಕಿತ್ತು ಹಾಕ್ತಿದ್ರು. ಇಲ್ಲ ಸಾರ್, ದೊಡ್ಡ ಪೆಟ್ಟು ತಿಂದಿದಾನೆ, ಒಳಗೆ ಹೆದರಿಕೆ ಕೂತಿದೆ, ಸ್ವಲ್ಪ ಟೈಮ್ ಕೊಡಿ ಅಂತ ಕೈ ಮುಗಿದೆ."

"ಕಾರಲ್ಲಿ ದೋಷ ಇಲ್ಲ ಅಂತಲೂ ಹೇಳಿದ್ರಾ?"

"ಇಲ್ಲವಲ್ಲ! ಇಳಿದಾಗಲೆಲ್ಲ ನಿನ್ನನ್ನೇ ಕೇಳಿದೀನಿ. ಪರವಾಗಿಲ್ಲ ಅಂದೆ. ಒಂದು ಸಲ ಅಲ್ಲಪ್ಪ, ಪ್ರತಿ ಸಲ. ಕಾರು ಚೆನ್ನಾಗಿದೆ ಅಂತೀಯ, ಬ್ರೇಕ್ ಮಾತ್ರ ಮೊದಲೇ ಒತ್ತುತೀಯ. ನಾನು ಏನಂತ ತಿಳ್ಕೋಬೇಕು?"

"ಚೆನ್ನಾಗಿದೆ ಅಂತ ನಾನೆಲ್ಲಿ ಅಂದೆ?"

"ಪರವಾಗಿಲ್ಲ ಅಂದ್ರೆ ಮತ್ತಿನ್ನೇನು?"

ಅಕ್ಕ ಇಸ್ತ್ರಿಪೆಟ್ಟಿಗೆಯನ್ನು ಕುಕ್ಕಿ ನಿಲ್ಲಿಸಿದಳು. ಇಬ್ಬರನ್ನೂ ಒಬ್ಬರಾದ ಮೇಲೊಬ್ಬರನ್ನು ನೋಡಿದಳು. ಅವಳ ಮುಖ ಕೆಂಪೇರಿತ್ತು.

"ಅಯ್ಯೋ ನಿಮ್ಮಿಬ್ಬರ ಬಾಯಿಗೆ ಮಣ್ಣು ಹಾಕ! ರೀ, ನಿಮಗೆ ಅಡುಗೆ ಹೇಗಾಗಿದೆ ಅಂತ ಕೇಳಿದ್ರೆ ಪರವಾಗಿಲ್ಲ ಅಂತೀರಿ. ಇಷ್ಟು ವರ್ಷದ ಸಂಸಾರದಲ್ಲಿ ನಿಮ್ಮ ಬಾಯಿಂದ ಬಂದ ದೊಡ್ಡ ಹೊಗಳಿಕೆ ಅಂದ್ರೆ ಅದೇ. ಇವನು ಹಾಗಲ್ಲ. ಚಿಕ್ಕವನಿದ್ದಾಗ ಬಾಗಿಲ ಸಂದಿಗೆ ಬೆರಳು ಸಿಕ್ಕಿ ಉಗುರೇ ಕಿತ್ತು ಬಂದಿತ್ತು. ಅಪ್ಪ ಏನಾಯ್ತೋ ಅಂದ್ರೆ ಬೆರಳು ಬೆನ್ನ ಹಿಂದೆ ಬಚ್ಚಿಟ್ಕೊಂಡು ಪರವಾಗಿಲ್ಲ ಅಂದ ಪುಣ್ಯಾತ್ಮ ಇವನು! ಇವನು ಪರವಾಗಿಲ್ಲ ಅಂದ್ರೆ ಪ್ರಾಣ ಹೋಗ್ತಿದೆ ಅಂತ ಅರ್ಥ. ಒಂದು ವರ್ಷ! ಒಂದು ವರ್ಷ ಇಬ್ಬರೂ ಒಂದೇ ಮಾತು ಹಿಡ್ಕೊಂಡು ಬೇರೆ ಬೇರೆ ಊರಿಗೆ ಹೋಗಿದ್ದೀರಲ್ರೀ!"

ದೊರೆಯ ಕಟ್ಟೆ ಒಡೆಯಿತು.

"ಹಿಂಭಾಗ ನಿಲ್ತಿಲ್ಲ ಭಾವ! ಬ್ರೇಕ್ ಒತ್ತಿದ್ರೆ ಹಿಂದಿನ ಚಕ್ರ ನೆಲ ಬಿಡುತ್ತೆ. ಉದ್ದ ತಿರುವಲ್ಲಿ ಸ್ಟೀರಿಂಗ್ ಹಿಡಿದು ಪ್ರಾಣ ಕೈಯಲ್ಲಿ ಇಟ್ಕೊಂಡಿರ್ತೀನಿ. ಅದು ಆ ಹುಡುಗನ ಕಾರು. ನನ್ನ ಕಾರಲ್ಲ. ಮಾರ್ಚ್‌ನಿಂದ ನಾನು ನನ್ನ ಕಾರಲ್ಲಿ ಒಂದು ದಿನಾನೂ ಕೂತಿಲ್ಲ!"

"ಅದನ್ನ ಮಾರ್ಚ್‌ನಲ್ಲೇ ಬಾಯಿಬಿಟ್ಟು ಹೇಳೋಕೆ ಏನಾಗಿತ್ತು ನಿನಗೆ?" ಭಾವ ಎದ್ದು ನಿಂತಿದ್ದರು. ಅವರ ಗಂಟಲು ಇಷ್ಟು ಜೋರಿದೆಯೆಂದು ದೊರೆಗೆ ಗೊತ್ತೇ ಇರಲಿಲ್ಲ.

"ನಿಮ್ಮೆದುರು ಹೇಗೆ ಹೇಳ್ಲಿ?"

"ಯಾಕೆ, ನಾನೇನು ಹುಲಿನಾ? ನುಂಗ್ಬಿಡ್ತೀನಾ?"

"ನೀವು ಭಾವ!"

"ಗ್ಯಾರೇಜಲ್ಲಿ ನಾನ್ಯಾವ ಭಾವನೋ! ಅಲ್ಲಿ ನಾನು ಕೂಲಿಯವನು, ನೀನು ಹೇಳಿದ್ದು ಮಾಡೋನು!"

ಪಕ್ಕದ ಕೋಣೆಯವರು ಗೋಡೆ ಗುದ್ದಿದರು. ಅಕ್ಕ ತಿರುಗಿ ಅದೇ ಗೋಡೆಯನ್ನು ಇನ್ನೂ ಜೋರಾಗಿ ಗುದ್ದಿದಳು.

ಅಂದು ಸಂಜೆಯೇ ಭಾವ ಗ್ಯಾರೇಜಿಗೆ ವಾಪಸಾಗಿ ಮೆಕ್ಯಾನಿಕ್ಕುಗಳನ್ನು ಸೇರಿಸಿದರು. ಹಿಂದಿನ ಸ್ಪ್ರಿಂಗುಗಳನ್ನು ತೆಗೆದು ಮೆತ್ತಗಿನವನ್ನು ಹಾಕಿಸಿದರು, ರೆಕ್ಕೆಯನ್ನು ಮೇಲಕ್ಕೆ ತಿರುಗಿಸಿದರು. ಭಾನುವಾರ ಬೆಳಿಗ್ಗೆ ಓಟಕ್ಕೆ ಮೊದಲಿನ ಅಭ್ಯಾಸದಲ್ಲಿ ದೊರೆ ಮೂರು ಸುತ್ತು ಹೊಡೆದ. ರೇಡಿಯೋದಲ್ಲಿ ಭಾವನ ದನಿ ಬಂತು.

"ಹೇಗಿದೆ?"

ಹಳೆಯ ಮಾತು ನಾಲಗೆಯ ತುದಿಗೆ ಬಂದೇಬಿಟ್ಟಿತ್ತು. ಅದನ್ನು ಕಚ್ಚಿ ನುಂಗಿದ. ಆಮೇಲೆ ಹುಟ್ಟಿದಾಗಿನಿಂದ ಆಡದಿದ್ದ ಮಾತು ಆಡಿದ.

"ಏನು ಕಿತ್ತಿದ್ಯೋ ನೀನು? ಇನ್ನೂ ಜಾರ್ತಿದೆ! ಕಣ್ಣು ಕಾಣಲ್ವಾ ನಿನಗೆ? ಹಿಂದಿನ ಟೈರಲ್ಲಿ ಗಾಳಿ ಬಂಡೆ ಥರ ತುಂಬಿದ್ಯಲ್ಲ, ತಲೇಲಿ ಏನಿದೆ?"

ಗ್ಯಾರೇಜಿನಲ್ಲಿ ಹೆಡ್‌ಫೋನ್ ಹಾಕಿಕೊಂಡಿದ್ದವರೆಲ್ಲ ಭಾವನ ಮುಖವನ್ನೇ ನೋಡುತ್ತಿದ್ದರಂತೆ. ಇದು ತಾತ ಆಮೇಲೆ ಹೇಳಿದ್ದು. ದೊರೆ ತಪ್ಪಾಯ್ತು ಭಾವ ಎನ್ನಲು ಗುಂಡಿ ಒತ್ತುವಷ್ಟರಲ್ಲಿ ಆ ಕಡೆಯಿಂದ ದನಿ ಬಂತು.

"ಹಾಂ. ಈಗ ಅರ್ಥ ಆಗ್ತಿದೆ. ಇನ್ನೂ ಬೈ."

ಬೈದ. ಎಡ ತಿರುವಿಗೊಂದು, ಬಲ ತಿರುವಿಗೊಂದು, ದಿಬ್ಬ ಇಳಿಯುವಲ್ಲಿ ಎರಡು. ಒಳಗೆ ಬಂದಾಗಲೆಲ್ಲ ಅವರು ತಿದ್ದಿದರು, ಹೊರಗೆ ಹೋದಾಗಲೆಲ್ಲ ಇವನು ಉಗಿದ. ಅಭ್ಯಾಸ ಮುಗಿಯುವ ಹೊತ್ತಿಗೆ ಕಾರಿನ ಹಿಂಭಾಗ ನೆಲ ಕಚ್ಚಿ ನಿಂತಿತ್ತು. ಬ್ರೇಕಿನ ಮೇಲೆ ಕಾಲು ತಡವಾಗಿ ಹೋಗತೊಡಗಿತ್ತು, ತಾನಾಗಿಯೇ. ಭಯವಂತೆ ಭಯ! ಕಾಲಿಗೆ ಬುದ್ಧಿಯಿತ್ತು, ಅಷ್ಟೇ.

ಹಿಂದಿನ ದಿನ ಮುಗಿಸಿದ ಸಾಲಿನಲ್ಲೇ ಭಾನುವಾರ ನಿಲ್ಲಬೇಕು ಎಂಬುದು ನಿಯಮ. ಹದಿನಾಲ್ಕನೆಯ ಜಾಗದಿಂದ ಹೊರಟವನು ಸಿಕ್ಕವರನ್ನೆಲ್ಲ ದಾಟಿದ. ಒಳಗಿನಿಂದ ದಾಟಿದ, ಹೊರಗಿನಿಂದ ದಾಟಿದ, ಒಬ್ಬನ ಕನ್ನಡಿ ಮುರಿದೂ ದಾಟಿದ. ವರ್ಷವಿಡೀ ಯಾರು ಯಾರು ತನ್ನನ್ನು ಹಿಂದಕ್ಕೆ ಹಾಕಿ ಹೋಗಿದ್ದರೋ ಅವರ ಮೇಲೆಲ್ಲ ಅವನಿಗೆ ಸಿಟ್ಟಿತ್ತು, ಒಬ್ಬೊಬ್ಬರಾಗಿ ಕೈಗೆ ಸಿಗುತ್ತಿದ್ದರು. ನಡುವೆ ಎರಡು ಕಾರು ಗುದ್ದಿಕೊಂಡು, ರಸ್ತೆ ಗುಡಿಸುವವರೆಗೆ ಎಲ್ಲರನ್ನೂ ನಿಧಾನವಾಗಿ ಸಾಲಲ್ಲಿ ಓಡಿಸಿದರು. ಮತ್ತೆ ಓಟ ಬಿಟ್ಟಾಗ ಇವನ ಮುಂದೆ ಇದ್ದವರು ಮೂವರು. ಆಮೇಲೆ ಒಬ್ಬನೇ. ನೀಲಿ ಕಾರು. ಮರಿ.

ಕಡೆಯ ಮೂರು ಸುತ್ತು ಮರಿಯ ಬೆನ್ನಿಗೆ ಅಂಟಿಕೊಂಡೇ ಓಡಿಸಿದ. ಉದ್ದ ತಿರುವಿನಲ್ಲಿ ಪಕ್ಕಕ್ಕೆ ಮೂಗು ತೂರಿಸಿದ. ಮರಿ ಅಡ್ಡ ಬಂದು ದಾರಿ ಮುಚ್ಚಿದ. ದಿಬ್ಬದ ಮೇಲೆ ದೊರೆ ಹೊರಗಿನಿಂದ ಹೋದ. ಮರಿ ಜಾಗ ಬಿಡಲಿಲ್ಲ. ಕಡೆಯ ತಿರುವಿನಿಂದ ಇಬ್ಬರೂ ಪಕ್ಕಪಕ್ಕದಲ್ಲೇ ಹೊರಬಿದ್ದರು, ಬಾಗಿಲಿಗೆ ಬಾಗಿಲು ತಾಗಿಸಿಕೊಂಡು. ಗೆರೆ ದಾಟುವಾಗ ಮರಿಯ ಕಾರಿನ ಮೂಗು ಒಂದು ಗೇಣು ಮುಂದಿತ್ತು. ಹುಡುಗ ನಿಜವಾಗಿಯೂ ಒಳ್ಳೆಯ ಓಟಗಾರ, ಹಾಳಾದವನು.

ಕೆಳಗಿಳಿದಾಗ ಮರಿ ಹೆಲ್ಮೆಟ್ಟನ್ನೂ ತೆಗೆಯದೆ ಓಡಿಬಂದ. "ಇಷ್ಟು ದಿನ ಎಲ್ಲಿ ಮಲಗಿದ್ರಿ ಅಣ್ಣಾ? ಕನ್ನಡೀಲಿ ನೋಡ್ತೀನಿ, ನೀವು! ನನ್ನ ಜೀವ ಬಾಯಿಗೆ ಬಂತು." ವರ್ಷವಿಡೀ ಆ ಹುಡುಗನನ್ನು ಮನಸ್ಸಿನಲ್ಲೇ ಶಪಿಸಿದ್ದೆನಲ್ಲ ಎಂದು ದೊರೆಗೆ ನಾಚಿಕೆಯಾಯಿತು.

ಯಜಮಾನರು ಬಂದು ತಬ್ಬಿಕೊಂಡರು. ಬೆನ್ನು ತಟ್ಟಿದರು. ಆಮೇಲೆ ಯಾಕೋ ಅವರ ಕೈ ನಿಂತಿತು.

"ಎಂಥಾ ಓಟ ದೊರೆ! ಛೆ. ಇದೇ ಓಟ ಮೊದಲೇ ಓಡಿಸಬಾರದಿತ್ತಾ?"

"ಈಗ ಓಡಿಸಿದೆನಲ್ಲ ಸಾರ್. ಭಾನುವಾರ ನೋಡ್ತೀನಿ ಅಂದ್ರಿ. ನೋಡಿದ್ರಿ."

"ಅದೇ... ಆ ಸೀಟು... ಶುಕ್ರವಾರನೇ ಸಹಿ ಆಗಿಹೋಯ್ತಪ್ಪ. ಹುಡುಗಿ ಒಬ್ಬಳು. ಚೆನ್ನಾಗಿ ಓಡಿಸ್ತಾಳೆ."

ದೊರೆಗೆ ಮೊದಲು ತಲೆಗೆ ಹೋಗಲೇ ಇಲ್ಲ. "ಶುಕ್ರವಾರ? ನಿನ್ನೆ ಶನಿವಾರ ತಾನೆ ನೀವು ಎಲ್ಲಾ ನನ್ನ ಕೈಯಲ್ಲಿದೆ ಅಂದಿದ್ದು?"

"ಓಟದ ಮುಂಚೆ ನಿನ್ನ ಮನಸ್ಸಿಗೆ ಯಾಕೆ ಬೇಜಾರು ಮಾಡೋದು ಅಂತ..."

"ಬೇಜಾರು!" ಕೈಯಲ್ಲಿದ್ದ ಹೆಲ್ಮೆಟ್ಟನ್ನು ಗೋಡೆಗೆ ಎಸೆದ. ಅದು ಪುಟಿದು ಟೈರುಗಳ ಮಧ್ಯೆ ಉರುಳಿತು. "ಬೇಜಾರು ಮಾಡಬಾರದು ಅಂತ ನೀವು ಸುಳ್ಳು ಹೇಳಿದ್ರಿ. ಬೇಜಾರು ಮಾಡಬಾರದು ಅಂತ ನಾನು ಬಾಯಿ ಮುಚ್ಕೊಂಡೆ. ಬೇಜಾರಾಗಬಾರದು ಅಂತ ಈ ಭಾವ ನನ್ನನ್ನ ಕೇಳದೇ ನನಗೆ ಭಯದ ಕಾಯಿಲೆ ಹಚ್ಚಿದ್ರು. ಎಲ್ಲರೂ ಎಷ್ಟು ಒಳ್ಳೆಯವರು ಸಾರ್! ಒಳ್ಳೆಯವರೆಲ್ಲ ಸೇರಿ ನನ್ನನ್ನ ಮುಗಿಸಿದ್ರಿ!"

ಭಾವ ನಡುವೆ ಬಂದರು. ಕೊರಳಿನ ಗುರುತಿನ ಚೀಟಿ ಬಿಚ್ಚಿ ಮೇಜಿನ ಮೇಲಿಟ್ಟರು. "ಇವನು ಹೆದರಿದಾನೆ ಅಂತ ನಿಮಗೆ ಹೇಳಿದ್ದು ನಾನು ಸಾರ್. ತಪ್ಪು ನಂದು. ಇವನು ಹೋದ್ರೆ ನಾನೂ ಹೋಗ್ತೀನಿ."

ಯಜಮಾನರು ಗಾಬರಿಯಾದರು. "ನೀವು ಯಾಕ್ರೀ ಹೋಗ್ತೀರಾ? ಆ ಹುಡುಗಿಗೆ ಎಂಜಿನಿಯರ್ ನೀವೇ ಅಂತ ಆಗಿದೆ."

ದೊರೆ ಆ ಚೀಟಿಯನ್ನು ಎತ್ತಿ ಭಾವನ ಎದೆಗೆ ಒತ್ತಿದ. "ಮತ್ತೆ ಶುರು ಮಾಡ್ಬೇಡಿ ಭಾವ ಈ ದೊಡ್ಡಸ್ತಿಕೆ. ಇಬ್ಬರೂ ಮನೇಲಿ ಕೂತು ಮುಖ ಮುಖ ನೋಡ್ಕೊಂಡ್ರೆ ಅಕ್ಕ ಇಬ್ಬರಿಗೂ ಬರೆ ಹಾಕ್ತಾಳೆ. ಇರಿ ನೀವು." ಅವನ ದನಿ ಒಡೆಯಿತು. ಅದಕ್ಕೂ ಅವನಿಗೆ ಸಿಟ್ಟು ಬಂತು.

ಜನ ಚದುರಿದರು. ಬಿಸಿಲು ಇಳಿಯುತ್ತಿತ್ತು. ದೊರೆ ಹಿಂದಿನ ಕೋಣೆಯಲ್ಲಿ ಬೂಟು, ಕೈಗವಸು, ಬೆವರಿನ ಅಂಗಿಗಳನ್ನು ಚೀಲಕ್ಕೆ ತುರುಕಿಕೊಂಡು ಹೊರಟ. ಗ್ಯಾರೇಜು ದಾಟಬೇಕಿತ್ತು. ಅಲ್ಲಿ ಅವನ ಕಾರಿನಲ್ಲಿ ಆ ಹುಡುಗಿ ಕೂತಿದ್ದಳು. ಸೀಟಿನ ಅಳತೆಗೆ ಅವತ್ತೇ ಕರೆಸಿದ್ದರು, ಅವಳ ತಪ್ಪೇನೂ ಇಲ್ಲ. ತೆಳ್ಳಗಿನ ಹುಡುಗಿ, ಎರಡೂ ಕೈಯನ್ನು ಸ್ಟೀರಿಂಗಿನ ಮೇಲೆ ಭಯಭಕ್ತಿಯಿಂದ ಇಟ್ಟುಕೊಂಡಿದ್ದಳು. ಭಾವ ಕಿಟಕಿಗೆ ಬಾಗಿದ್ದರು. ದೊರೆ ಆ ಕಡೆ ನೋಡದೆ ಬಾಗಿಲವರೆಗೆ ನಡೆದ.

"ಪೆಡಲ್ ದೂರ ಆಯ್ತೇನಮ್ಮಾ?"

"ಒಂಚೂರು ಸಾರ್. ಇರ್ಲಿ, ನಿಮಗ್ಯಾಕೆ ತೊಂದ್ರೆ, ನಾನೇ ಹೊಂದ್ಕೋತೀನಿ."

ದೊರೆ ನಿಂತ. ಚೀಲ ಕೈಯಿಂದ ಬಿತ್ತು. ಬಿರಬಿರನೆ ವಾಪಸು ಬಂದು ಕಾರಿನ ತಲೆಯ ಮೇಲೆ ಅಂಗೈಯಿಂದ ದಡ್ಡನೆ ಬಡಿದ. ಹುಡುಗಿ ಬೆಚ್ಚಿಬಿದ್ದಳು.

"ಹೊಂದ್ಕೋಬೇಡ! ಕೇಳಿಸ್ತಾ? ಹೊಂದ್ಕೊಂಡ್ರೆ ಸತ್ತೆ. ಇವರು ಒಳ್ಳೆಯವರು, ನಿನ್ನನ್ನ ಮಗಳ ಥರ ನೋಡ್ಕೋತಾರೆ, ಅದನ್ನ ನೋಡಿ ಬಾಯಿ ಮುಚ್ಕೋಬೇಡ. ಬೈಯಿ ಇವರಿಗೆ."

ಹುಡುಗಿ ಭಾವನನ್ನು ನೋಡಿದಳು. "ಹಿರಿಯರನ್ನ ಹೇಗೆ ಸಾರ್..."

"ಬೈಯಮ್ಮಾ," ಎಂದರು ಭಾವ. ಅವರ ಕಣ್ಣು ತುಂಬಿತ್ತು.

"ಪೆಡಲ್ ದೂರ ಇದೆ," ಎಂದಳು ಹುಡುಗಿ, ತುಟಿ ಅಲ್ಲಾಡಿತೋ ಇಲ್ಲವೋ ಎಂಬಂತೆ.

"ಜೋರಾಗಿ!" ದೊರೆ ಕಿರುಚಿದ.

"ಪೆಡಲ್ ದೂರ ಇದೆ ಕಣಯ್ಯಾ! ಕಣ್ಣು ಕಾಣಲ್ವಾ?"

ಭಾವ ಸ್ಪ್ಯಾನರ್ ಎತ್ತಿಕೊಂಡರು.